ನಾಲ್ಕು ಗಾಲಿಯ ಟ್ರ್ಯಾಕ್ಟರ್ ಟ್ರೇಲರಿಗೆ ಯಾವ ಟೈರ್ ಹಾಕಿಸಬೇಕು?

ಒಕ್ಕಲುತನ_ಶಿಗ್ಗಾಂವಿ (ಪ್ರಶ್ನೆ)

ಎಲ್ಲರಿಗೂ ಶರಣು. ಗೋವಿನಜೋಳದ ಸುಗ್ಗಿ ಬರುವುದರೊಳಗೆ ನಮ್ಮ ಟ್ರೇಲರಿನ ಟೈರುಗಳನ್ನು ಬದಲಿಸಲೇಬೇಕಾಗಿದೆ. ಒಂದೊಂದು ಅಂಗಡಿಯಲ್ಲಿ ಒಂದೊಂದು ಮಾತು ಕೇಳಿ ಗೊಂದಲವಾಗಿರುವುದರಿಂದ, ಟ್ರೇಲರ್ ಇಟ್ಟುಕೊಂಡು ಅನುಭವವಿರುವವರು ದಾರಿ ತೋರಿಸಬೇಕೆಂದು ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಊರು ಶಿಗ್ಗಾಂವಿ ತಾಲೂಕಿನಲ್ಲಿದೆ. ಟ್ರೇಲರನ್ನು ತಂದೆಯವರು 2012ರಲ್ಲಿ ಮಾಡಿಸಿದರು. ಒಳಗಿನ ಅಳತೆ 12 ಅಡಿ ಉದ್ದ, ಆರೂವರೆ ಅಡಿ ಅಗಲ. ಮೊದಲು ಸುತ್ತಲಿನ ತಗಡು ಎರಡೂವರೆ ಅಡಿ ಎತ್ತರವಿತ್ತು. ಹತ್ತಿ ಬಿಟ್ಟು ಗೋವಿನಜೋಳ ಬೆಳೆಯತೊಡಗಿದ ಮೇಲೆ ಮತ್ತೊಂದೂವರೆ ಅಡಿ ಏರಿಸಿ ನಾಲ್ಕು ಅಡಿ ಮಾಡಿಸಿದ್ದೇವೆ. ಈಗಿರುವ ಟೈರಿನ ಅಳತೆ 9.00-16. ಒಂದು ಟ್ರಿಪ್ಪಿಗೆ 60ರಿಂದ 64 ಕ್ವಿಂಟಲ್ ಮಾಲು ಹಾವೇರಿ ಎಪಿಎಂಸಿಗೆ ಹೋಗುತ್ತದೆ. ಹೊಲದಿಂದ ಊರಿನವರೆಗೆ ಚಕ್ಕಡಿ ದಾರಿ, ಅಲ್ಲಿಂದ ಮುಂದೆ ಹೆದ್ದಾರಿ.

ಕಳೆದ ನವೆಂಬರಿನಲ್ಲಿ ಹದಿನೈದು ದಿನಗಳ ಅಂತರದಲ್ಲಿ ಹಿಂದಿನ ಎರಡೂ ಟೈರು ಒಡೆದವು. ಮೊದಲನೆಯದು ಬಲಗಡೆಯದು, ಬಂಕಾಪುರ ದಾಟಿದ ಮೇಲೆ ಮಟಮಟ ಮಧ್ಯಾಹ್ನದಲ್ಲಿ ಒಡೆಯಿತು. ಟ್ರೇಲರ್ ಒಂದು ಮಗ್ಗುಲಿಗೆ ಕುಸಿದು ಏಳೆಂಟು ಚೀಲದಷ್ಟು ಕಾಳು ರಸ್ತೆ ಬದಿಯ ಮಣ್ಣಿಗೆ ಸುರಿಯಿತು. ತಮ್ಮನೂ ನಾನೂ ಗೋಣಿತಾಟು ಹಾಸಿ ಕತ್ತಲಾಗುವವರೆಗೆ ಬಳಿದುಕೊಂಡೆವು. ಹಿಂದಿನಿಂದ ಲಾರಿಗಳು ಬರುತ್ತಿದ್ದವು. ಆ ಹೊತ್ತನ್ನು ನೆನೆದರೆ ಇವತ್ತಿಗೂ ಎದೆ ನಡುಗುತ್ತದೆ. ಎರಡನೆಯದು ಊರ ಹತ್ತಿರವೇ ಒಡೆದದ್ದರಿಂದ ಹೆಚ್ಚಿನ ಹಾನಿಯಾಗಲಿಲ್ಲ. ಎರಡೂ ಟೈರುಗಳ ಗ್ರಿಪ್ ಚೆನ್ನಾಗಿಯೇ ಇತ್ತು. ರಿಸೋಲ್ ಮಾಡಿದ್ದ (ಹಳೆಯ ಟೈರಿನ ಮೇಲೆ ಹೊಸ ರಬ್ಬರು ಕೂರಿಸಿದ್ದ) ಟೈರುಗಳವು, ಎರಡು ವರ್ಷದ ಹಿಂದೆ ಕೊಂಡಿದ್ದೆ. ಒಡೆದ ಟೈರನ್ನು ಬಿಚ್ಚಿದಾಗ ಒಳಗೆ ಮಸಿಯಂತಹ ಕಪ್ಪು ರಬ್ಬರ್ ಪುಡಿ ಒಂದು ಬೊಗಸೆಯಷ್ಟು ಇತ್ತು. ಅದೇಕೆ ಎಂದು ಯಾರೂ ಹೇಳಲಿಲ್ಲ.

ಈಗ ಒಬ್ಬರು ಲಾರಿಯಿಂದ ಬಿಚ್ಚಿದ ಹಳೆಯ ಟೈರು ಸಾಕು ಎನ್ನುತ್ತಾರೆ. ಇನ್ನೊಬ್ಬರು ರೇಡಿಯಲ್ ಹಾಕಿಸಿರಿ ಎನ್ನುತ್ತಾರೆ. ಮತ್ತೊಬ್ಬರು ಡಿಸ್ಕನ್ನೇ (ಟೈರು ಕೂರುವ ಲೋಹದ ಚಕ್ರ) ಬದಲಿಸಿ 20 ಇಂಚಿನ ದೊಡ್ಡ ಗಾಲಿಗೆ ಹೋಗಿರಿ, ಭಾರದ ಚಿಂತೆಯೇ ಇರುವುದಿಲ್ಲ ಎನ್ನುತ್ತಾರೆ. ಹೊಸದೇ ಕೊಳ್ಳುವುದಾದರೆ ನಾಲ್ಕನ್ನೂ ಕೊಳ್ಳಬೇಕೆ, ಎರಡು ಸಾಕೆ? ಟೈರಿನ ಬದಿಯಲ್ಲಿ ಬರೆದಿರುವ ಅಕ್ಷರ, ಅಂಕಿಗಳಲ್ಲಿ ಯಾವುದನ್ನು ನೋಡಿ ಕೊಳ್ಳಬೇಕು? ದಯವಿಟ್ಟು ತಿಳಿಸಿರಿ.

ಟೈರ್‌ಮಿಸ್ತ್ರಿ_ರಾಣೆಬೆನ್ನೂರು

ಅಣ್ಣನವರೇ, ರಾಣೆಬೆನ್ನೂರಿನ ಬೈಪಾಸಿನ ಹತ್ತಿರ ಇಪ್ಪತ್ತೆರಡು ವರ್ಷಗಳಿಂದ ಟೈರ್ ಬಿಚ್ಚಿ ಹಾಕುವ ಕೆಲಸ ಮಾಡಿಕೊಂಡು ಬಂದಿದ್ದೇನೆ. ನೀವು ಹೇಳಿದ ಕಪ್ಪು ಪುಡಿಯಿಂದಲೇ ಮಾತು ಆರಂಭಿಸುತ್ತೇನೆ, ಏಕೆಂದರೆ ನಿಮ್ಮ ಟೈರು ಏಕೆ ಹೋಯಿತೆಂಬುದನ್ನು ಅದೇ ಹೇಳುತ್ತದೆ. ಹವಾ ಕಡಿಮೆಯಿದ್ದು ಮೇಲೆ ಭಾರ ಹೆಚ್ಚಿದ್ದಾಗ, ಗಾಲಿಯ ಪ್ರತಿ ಸುತ್ತಿನಲ್ಲಿಯೂ ಟೈರಿನ ಬದಿ ಮಡಿಚಿ ಬಿಚ್ಚಿಕೊಳ್ಳುತ್ತದೆ. ಮಡಿಕೆ ಬೀಳುವ ಆ ಜಾಗದಲ್ಲಿ ಒಳಮೈಯ ರಬ್ಬರು ಟ್ಯೂಬಿಗೆ ಉಜ್ಜಿ ಉಜ್ಜಿ ಪುಡಿಯಾಗಿ ಉದುರುತ್ತದೆ. ಒಳಗೆ ಕೈಯಾಡಿಸಿ ನೋಡಿದ್ದರೆ ಸುತ್ತಲೂ ಬಳೆಯಂತೆ ಒಂದು ಸವೆದ ಪಟ್ಟಿ ಕಾಣುತ್ತಿತ್ತು. ಅಲ್ಲಿ ಮೊದಲು ನೈಲಾನ್ ನೂಲು ಹೊರಗೆ ಬರುತ್ತದೆ, ಆಮೇಲೆ ಒಂದೊಂದೇ ಎಳೆ ಕಡಿಯುತ್ತದೆ, ಕೊನೆಗೆ ಬಿಸಿಲಿನ ಹೊತ್ತಿನಲ್ಲಿ ಒಮ್ಮೆಲೇ ಒಡೆಯುತ್ತದೆ. ಮೇಲಿನ ಗ್ರಿಪ್ ಹೊಸದರಂತೆ ಇದ್ದರೂ ಆಗುವುದು ಇದೇ. ಗ್ರಿಪ್ ನೋಡಿ ಟ್ರೇಲರ್ ಟೈರ್ ಕೊಳ್ಳುವುದು, ಬಣ್ಣ ನೋಡಿ ಎತ್ತು ಕೊಂಡಂತೆ.

ರಿಸೋಲ್ ಎಂದರೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನಿಮ್ಮದೇ ಟೈರು, ಅದರ ಹುಟ್ಟು ನಿಮಗೆ ಗೊತ್ತಿದ್ದು, ಒಳಗೆ ಪ್ಯಾಚ್ ಇಲ್ಲದೆ ಬದಿ ಬಿರುಕು ಬಿಡದೆ ಇದ್ದರೆ, ಒಮ್ಮೆ ರಿಸೋಲ್ ಮಾಡಿಸಿ ಊರೊಳಗಿನ ಕೆಲಸಕ್ಕೆ ಬಳಸಬಹುದು. ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ರಿಸೋಲ್ ಟೈರಿನ ವಿಷಯವೇ ಬೇರೆ. ಮೇಲೆ ಹೊಸ ರಬ್ಬರು ಕೂತಿರುತ್ತದೆ. ಒಳಗಿನ ನೂಲು ಎಷ್ಟು ವರ್ಷ ದುಡಿದು ಬಂದಿದೆ ಎಂಬುದು ಕಾಣುವುದಿಲ್ಲ. ಲಾರಿಯಿಂದ ಬಿಚ್ಚಿದ ಟೈರಿಗೂ ಇದೇ ಮಾತು ಅನ್ವಯಿಸುತ್ತದೆ. ಲಾರಿಯವರು ಅದನ್ನು ಬಿಚ್ಚಿದ್ದು ಇನ್ನು ಓಡಿಸುವಂತಿಲ್ಲವೆಂದೇ ಅಲ್ಲವೇ? 64 ಕ್ವಿಂಟಲ್ ಹೇರಿ ಹೆದ್ದಾರಿಗೆ ಇಳಿಯುವ ಟ್ರೇಲರಿನ ಹಿಂದಿನ ಅಚ್ಚಿಗೆ ಇವೆರಡನ್ನೂ ನಾನು ಹಾಕಿಕೊಡುವುದಿಲ್ಲ.

ಟೈರಿನ ಹುಟ್ಟಿದ ದಿನವನ್ನು ನೋಡುವುದು ಸುಲಭ. ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಚಿಕ್ಕ ಮುದ್ರೆ ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 3524 ಎಂದಿದ್ದರೆ 2024ನೇ ವರ್ಷದ 35ನೇ ವಾರ, ಅಂದರೆ ಆಗಸ್ಟ್ ಕೊನೆಯ ಸುಮಾರಿಗೆ ತಯಾರಾದದ್ದು ಎಂದರ್ಥ. ಅಂಗಡಿಯಲ್ಲಿ ಮೂರು ವರ್ಷ ಕೂತಿರುವ ‘ಹೊಸ’ ಟೈರನ್ನು ಕಡಿಮೆ ಬೆಲೆಗೆ ಕೊಡಲು ಬಂದರೆ ಬೇಡವೆನ್ನಿರಿ. ಲಾರಿ ದಿನಾ ಓಡುವುದರಿಂದ ಅದರ ಟೈರು ಸವೆದು ಸಾಯುತ್ತದೆ. ನಮ್ಮ ಟ್ರೇಲರ್ ವರ್ಷದಲ್ಲಿ ಏಳೆಂಟು ತಿಂಗಳು ನಿಂತೇ ಇರುತ್ತದೆ, ಆದ್ದರಿಂದ ಅದರ ಟೈರು ಬಿಸಿಲಿಗೆ ಒಣಗಿ ವಯಸ್ಸಾಗಿ ಸಾಯುತ್ತದೆ. ಹೀಗಾಗಿ ನಮಗೆ ಗ್ರಿಪ್ಪಿಗಿಂತ ತಾರೀಖು ಮುಖ್ಯ.

ನೈಲಾನೋ ರೇಡಿಯಲ್ಲೋ ಎಂಬುದಕ್ಕೆ ನನ್ನ ಉತ್ತರ: ನಿಮ್ಮ ದಾರಿಗೆ ನೈಲಾನ್, ಅಂದರೆ ನೈಲಾನ್ ನೂಲಿನ ಪದರಗಳ ಟೈರು. ರೇಡಿಯಲ್ಲಿನ ತಳದಲ್ಲಿ ಉಕ್ಕಿನ ತಂತಿಯ ಪಟ್ಟಿ ಇರುತ್ತದೆ, ಅದು ಬಿಸಿಯಾಗುವುದು ಕಡಿಮೆ, ಹಗುರವಾಗಿ ಉರುಳುತ್ತದೆ. ಡಾಂಬರಿನ ಮೇಲೆಯೇ ದಿನವಿಡೀ ಓಡುವವರಿಗೆ ಅದು ಒಳ್ಳೆಯದು. ಅದರ ಬದಿ ಮಾತ್ರ ತೆಳ್ಳಗೆ, ಮೆತ್ತಗೆ ಇರುತ್ತದೆ. ಚಕ್ಕಡಿ ದಾರಿಯ ಕಲ್ಲಂಚು ಬದಿಗೆ ತಾಗಿ ಸೀಳಿದರೆ ಅಲ್ಲಿಗೆ ಮುಗಿಯಿತು, ಬದಿಯ ಸೀಳಿಗೆ ಪ್ಯಾಚ್ ನಿಲ್ಲುವುದಿಲ್ಲ. ನೈಲಾನಿನ ಬದಿ ದಪ್ಪ. ಟ್ರ್ಯಾಕ್ಟರ್ ಓಡುವ ವೇಗಕ್ಕೆ ಅದರ ಬಿಸಿ ತಡೆಯುವ ಶಕ್ತಿ ಸಾಕಾಗುತ್ತದೆ. ಏನೇ ಮಾಡಿದರೂ ಒಂದು ಅಚ್ಚಿನ ಒಂದು ಕಡೆಗೆ ರೇಡಿಯಲ್, ಇನ್ನೊಂದು ಕಡೆಗೆ ನೈಲಾನ್ ಹಾಕಿಸಬೇಡಿರಿ.

ಗ್ರಿಪ್ಪಿನ ನಮೂನೆಯಲ್ಲಿ ಉದ್ದ ಗೆರೆಗಳಿರುವುದನ್ನೇ ಆರಿಸಿರಿ. ಅಡ್ಡ ಹಲ್ಲಿನ ಟೈರು ಎಳೆಯುವ ಗಾಲಿಗೆ ಬೇಕು. ಟ್ರೇಲರಿನ ಗಾಲಿ ಎಳೆಯುವುದಿಲ್ಲ, ಹಿಂದೆ ಉರುಳುತ್ತದೆ ಅಷ್ಟೆ. ಎಂಆರ್‌ಎಫ್, ಅಪೊಲೊ, ಜೆಕೆ, ಸಿಯೆಟ್ ಎಲ್ಲರಲ್ಲಿಯೂ ಈ ಅಳತೆಯ ಟ್ರೇಲರ್ ಟೈರು ಬರುತ್ತದೆ. ಕಂಪನಿಯ ಹೆಸರಿಗಿಂತ ತಾರೀಖು ಹೊಸದಿರುವುದನ್ನು, ಟೈರು ಕೆಟ್ಟರೆ ಹತ್ತಿರದ ಅಂಗಡಿಯವರು ಕ್ಲೇಮಿಗೆ ನಿಂತುಕೊಳ್ಳುವುದನ್ನು ನೋಡಿ ಕೊಳ್ಳಿರಿ. ಬಿಲ್ಲು ಪಡೆಯದೆ ಅಂಗಡಿ ಬಿಡಬೇಡಿರಿ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ. 28 ಇದ್ದದ್ದು 18ಕ್ಕೆ ಇಳಿದಿದೆ, ಹಳೆಯ ದರದ ಲೆಕ್ಕ ಹೇಳಿದರೆ ಕೇಳಿರಿ.

ಎರೆಹೊಲ_ರೋಣ

ಮಿಸ್ತ್ರಿಯವರ ಮಾತಿಗೆ ನನ್ನದೊಂದಿಷ್ಟು ಸೇರಿಸುತ್ತೇನೆ. ನಾವು ಗದಗ ಜಿಲ್ಲೆಯ ಎರೆ ಭೂಮಿಯವರು, ಕಡಲೆ, ಹತ್ತಿ, ಉಳ್ಳಾಗಡ್ಡಿ ಹೇರುವವರು. ನಮ್ಮಲ್ಲಿ ಟೈರು ಒಡೆಯುವುದಕ್ಕಿಂತ ಚುಚ್ಚಿಸಿಕೊಳ್ಳುವುದೇ ಹೆಚ್ಚು. ಹತ್ತಿಯ ಕಟ್ಟಿಗೆ ಕೊಯ್ದ ಮೇಲೆ ನೆಲದಲ್ಲಿ ಉಳಿಯುವ ಕೂಳೆ ಓರೆಯಾಗಿ ಕತ್ತರಿಸಿದ್ದರೆ ಮೊಳೆಗಿಂತ ಕೆಟ್ಟದ್ದು. ಹಳ್ಳದ ದಂಡೆಯ ಬಳ್ಳಾರಿ ಜಾಲಿಯ ಮುಳ್ಳು ಹೊಸ ಟೈರಿನೊಳಗೂ ಇಳಿಯುತ್ತದೆ. ಮುಳ್ಳಿನ ತುದಿ ಮುರಿದು ಒಳಗೇ ಉಳಿದರೆ, ಟ್ಯೂಬಿಗೆ ಎಷ್ಟು ಸಲ ಪ್ಯಾಚ್ ಹಾಕಿಸಿದರೂ ಮಾರನೆಯ ದಿನ ಹವಾ ಇಳಿದಿರುತ್ತದೆ. ಹಾಗೆ ಅರ್ಧ ಹವಾದಲ್ಲಿ ಎರಡು ಟ್ರಿಪ್ ಹೋದದ್ದೇ ನಮ್ಮದೊಂದು ಹೊಸ ಟೈರಿನ ಜೀವ ತೆಗೆಯಿತು. ಈಗ ಪಂಕ್ಚರ್ ಆದಾಗಲೆಲ್ಲ ಟೈರಿನ ಒಳಮೈಯನ್ನು ಒದ್ದೆ ಬಟ್ಟೆಯಿಂದ ನಿಧಾನವಾಗಿ ಒರೆಸಿಸುತ್ತೇನೆ. ಬಟ್ಟೆಗೆ ಎಲ್ಲಿ ಸಿಕ್ಕಿಕೊಳ್ಳುತ್ತದೆಯೋ ಅಲ್ಲಿ ಮುಳ್ಳಿದೆ. ಬರಿಗೈ ಆಡಿಸಬೇಡಿರಿ, ನಮ್ಮ ಆಳುಮಗನ ಬೆರಳು ಸೀಳಿ ಹೊಲಿಗೆ ಹಾಕಿಸಬೇಕಾಯಿತು.

20 ಇಂಚಿನ ಗಾಲಿಯ ವಿಷಯ: ನಮ್ಮ ಸೋದರಮಾವನವರು ಎರಡು ವರ್ಷದ ಹಿಂದೆ ಹೀಗೆಯೇ ಡಿಸ್ಕ್ ಬದಲಿಸಿ 9.00-20 ಹಾಕಿಸಿದರು. ಟ್ರೇಲರಿನ ತಳ ಮೊದಲಿಗಿಂತ ಎತ್ತರಕ್ಕೆ ಹೋಯಿತು. ಚೀಲ ಹೇರುವ ಹಮಾಲರು ಗೊಣಗಿದರು, ಅದಿರಲಿ. ಒಡ್ಡು ಇಳಿಯುವಾಗ, ಓರೆಯ ದಾರಿಯಲ್ಲಿ ಹೊರಳುವಾಗ ಮೇಲ್ಭಾರದಿಂದ ಟ್ರೇಲರ್ ಒಲೆದಾಡತೊಡಗಿತು. ಒಮ್ಮೆ ಹಳ್ಳದ ಇಳಿಜಾರಿನಲ್ಲಿ ಮಗುಚಿಯೇ ಬಿಟ್ಟಿತು, ದೇವರ ದಯದಿಂದ ಯಾರೂ ಮೇಲೆ ಕುಳಿತಿರಲಿಲ್ಲ. ನೀವು ಈಗಾಗಲೇ ತಗಡು ಏರಿಸಿದ್ದೀರಿ. ಅದರ ಮೇಲೆ ಗಾಲಿಯನ್ನೂ ಏರಿಸುವುದು ನನಗೆ ಸರಿ ಕಾಣುವುದಿಲ್ಲ.

ಟ್ರೇಲರನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದನ್ನು ನೀವು ಬರೆದಿಲ್ಲ. ನಾವು ಮೊದಲು ತಿಪ್ಪೆಯ ಪಕ್ಕ ಬಯಲಲ್ಲಿ ನಿಲ್ಲಿಸುತ್ತಿದ್ದೆವು, ಬೇಸಿಗೆಯುದ್ದಕ್ಕೂ ಒಂದೇ ಮಗ್ಗುಲಿಗೆ ಪಡುವಣ ಬಿಸಿಲು ಬೀಳುತ್ತಿತ್ತು. ಆ ಮಗ್ಗುಲಿನ ಟೈರುಗಳಲ್ಲಿ ಕೂದಲೆಳೆಯಂತಹ ಬಿರುಕುಗಳು ಮೂರನೆಯ ವರ್ಷಕ್ಕೇ ಕಾಣಿಸಿಕೊಂಡವು. ನೆರಳಿನ ಮಗ್ಗುಲಿನವು ಚೆನ್ನಾಗಿಯೇ ಇದ್ದವು. ಒಂದೇ ದಿನ ಕೊಂಡ ನಾಲ್ಕು ಟೈರುಗಳವು. ಈಗ ಸುಗ್ಗಿ ಮುಗಿದ ಮೇಲೆ ಅಚ್ಚಿನ ಕೆಳಗೆ ಕಲ್ಲು, ದಿಮ್ಮಿ ಕೊಟ್ಟು ಗಾಲಿಯನ್ನು ನೆಲದಿಂದ ಎತ್ತಿ, ಮೇಲೆ ಹಳೆಯ ತಾಡಪತ್ರಿ ಇಳಿಬಿಡುತ್ತೇವೆ.

ನಿವೃತ್ತ_ಉಪನ್ಯಾಸಕ_ಧಾರವಾಡ

ಮೊದಲು ಬರೆದ ಇಬ್ಬರೂ ಕೈಯಿಂದ ಕೆಲಸ ಮಾಡಿ ಕಲಿತ ಮಾತನ್ನು ಹೇಳಿದ್ದಾರೆ. ನಾನು ಡಿಪ್ಲೊಮಾ ಕಾಲೇಜಿನಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡಿದವನು. ಆದ್ದರಿಂದ ಲೆಕ್ಕದ ಭಾಗವನ್ನು ಸೇರಿಸುತ್ತೇನೆ. ಟೈರನ್ನು ಆರಿಸುವುದಕ್ಕೆ ಮೊದಲು ಒಂದು ಗಾಲಿಯ ಮೇಲೆ ಬೀಳುವ ಭಾರವನ್ನು ತಿಳಿದುಕೊಳ್ಳಬೇಕು. ಉಳಿದ ಪ್ರಶ್ನೆಗಳೆಲ್ಲ ಅದರ ಹಿಂದೆ ಬರುತ್ತವೆ.

ತಮ್ಮಾ, ನೀನು ಕೊಟ್ಟ ಅಳತೆಗಳನ್ನೇ ತೆಗೆದುಕೊಳ್ಳೋಣ. ಸಡಿಲವಾಗಿ ಸುರಿದ ಒಣ ಗೋವಿನಜೋಳ ಒಂದು ಘನ ಅಡಿಗೆ ಸುಮಾರು 20 ಕೆಜಿ ತೂಗುತ್ತದೆ. ತಗಡು ಎರಡೂವರೆ ಅಡಿ ಇದ್ದಾಗ ನಿಮ್ಮ ಟ್ರೇಲರಿನ ಒಳಗಾತ್ರ 195 ಘನ ಅಡಿ, ಅಂದರೆ ಕಂಠಮಟ್ಟ ತುಂಬಿದರೂ 39 ಕ್ವಿಂಟಲ್. ನಾಲ್ಕು ಅಡಿಗೆ ಏರಿಸಿದ ಮೇಲೆ ಅದು 312 ಘನ ಅಡಿಯಾಗಿ, 62 ಕ್ವಿಂಟಲ್ ಹಿಡಿಯುತ್ತದೆ. 2012ರಲ್ಲಿ ಟ್ರೇಲರ್ ಕಟ್ಟಿದವರು ಅಚ್ಚು, ಪಾಟಾ (ಭಾರ ಹೊರುವ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್), ಡಿಸ್ಕ್, ಟೈರುಗಳನ್ನೆಲ್ಲ ಮೊದಲಿನ ಲೆಕ್ಕಕ್ಕೆ ಹೊಂದಿಸಿದ್ದರು. ನೀವು ಬದಲಿಸಿದ್ದು ತಗಡನ್ನು ಮಾತ್ರ. ಹತ್ತಿಯ ಅಂಡಿಗೆಯನ್ನೋ ಬ್ಯಾಡಗಿ ಮೆಣಸಿನಕಾಯಿಯನ್ನೋ ಆಳೆತ್ತರ ಹೇರಿದರೂ ಟೈರಿಗೆ ಅಷ್ಟು ಭಾರವಾಗುವುದಿಲ್ಲ. ಗೋವಿನಜೋಳ, ಹಸಿ ಗೊಬ್ಬರ, ಮರಳು ಹಾಗಲ್ಲ. ಹೇರಿದ ಎತ್ತರ ಕಣ್ಣಿಗೆ ಒಂದೇ ತೆರನಾಗಿ ಕಂಡರೂ ತೂಕ ಎರಡು ಮೂರು ಪಟ್ಟು ಬೇರೆಯಾಗಿರುತ್ತದೆ.

ಈಗ ಟೈರಿನ ಬದಿಯ ಬರಹ. 9.00-16 ಎಂಬಲ್ಲಿ ಮೊದಲನೆಯದು ಟೈರಿನ ಅಗಲ, ಎರಡನೆಯದು ಡಿಸ್ಕಿನ ವ್ಯಾಸ, ಎರಡೂ ಇಂಚಿನಲ್ಲಿ. ನಡುವಿನ ಅಡ್ಡಗೆರೆ ನೈಲಾನ್ ಟೈರನ್ನು ಸೂಚಿಸುತ್ತದೆ. ಅದರ ಜಾಗದಲ್ಲಿ ಆರ್ ಅಕ್ಷರವಿದ್ದರೆ ರೇಡಿಯಲ್. 16 ಪಿಆರ್ (ಪ್ಲೈ ರೇಟಿಂಗ್) ಎಂದಿದ್ದರೆ ಒಳಗೆ ಹದಿನಾರು ಪದರಗಳಿವೆ ಎಂದು ಹಲವರು ತಿಳಿಯುತ್ತಾರೆ, ಅದು ಸರಿಯಲ್ಲ. ಹಿಂದೆ ಹತ್ತಿ ನೂಲಿನ ಪದರಗಳಿದ್ದ ಕಾಲದ ಅಳತೆ ಅದು. ಈಗಿನ ನೈಲಾನ್ ನೂಲು ಗಟ್ಟಿಯಾದ್ದರಿಂದ ಕಡಿಮೆ ಪದರಗಳಲ್ಲಿಯೇ ಆ ಬಲ ಸಿಗುತ್ತದೆ. ಪಿಆರ್ ಅನ್ನು ಬಲದ ದರ್ಜೆಯೆಂದು ಓದಬೇಕು.

ಇದಕ್ಕಿಂತ ಖಚಿತವಾದದ್ದು ಭಾರದ ಸೂಚ್ಯಂಕ ಮತ್ತು ಅದರ ಪಕ್ಕದ ವೇಗದ ಅಕ್ಷರ. 130 ಎಂದರೆ ಒಂದು ಟೈರಿಗೆ 1,900 ಕೆಜಿ, 135 ಎಂದರೆ 2,180 ಕೆಜಿ, 140 ಎಂದರೆ 2,500 ಕೆಜಿ. ವೇಗಕ್ಕೆ ಎ8 ಎಂದಿದ್ದರೆ ಗಂಟೆಗೆ 40 ಕಿಲೋಮೀಟರ್, ಎಫ್ ಎಂದಿದ್ದರೆ 80. ಸೂಚ್ಯಂಕದ ಭಾರವು ಆ ವೇಗಕ್ಕೆ, ಮತ್ತು ಬದಿಯಲ್ಲಿ ಬರೆದ ಪೂರ್ಣ ಹವಾ ಇದ್ದಾಗ ಮಾತ್ರ ಅನ್ವಯಿಸುತ್ತದೆ. ಹವಾ ಕಡಿಮೆಯಾದಂತೆ ಟೈರು ಹೊರಬಲ್ಲ ಭಾರವೂ ಕುಗ್ಗುತ್ತದೆ. ಬೇಲಿಗೆ ಕಟ್ಟುವ ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಬಗ್ಗಿದ ಜಾಗ ಬಿಸಿಯಾಗಿ ತುಂಡಾಗುವುದನ್ನು ನೀವೆಲ್ಲ ನೋಡಿದ್ದೀರಿ. ಟೈರಿನ ಬದಿಯಲ್ಲಿಯೂ ನಡೆಯುವುದು ಅದೇ. ಹವಾದ ಒತ್ತಡವನ್ನು ಕೆಪಿಎ (ಕಿಲೋಪಾಸ್ಕಲ್) ಎಂದು ಬರೆದಿದ್ದರೆ, 100 ಕೆಪಿಎಗೆ ಅಂಗಡಿಯ ಗೇಜಿನ ಹದಿನಾಲ್ಕೂವರೆ ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಎಂದು ಲೆಕ್ಕ ಹಿಡಿಯಬಹುದು. ಬೆಳಿಗ್ಗೆ, ಗಾಲಿ ಉರುಳುವುದಕ್ಕೆ ಮೊದಲು, ಗೇಜ್ ಹಚ್ಚಿ ನೋಡಬೇಕು. ರಾಡಿನಿಂದ ಬಡಿದು ಸಪ್ಪಳ ಕೇಳುವ ರೂಢಿಯಿಂದ ಪೂರ್ತಿ ಹವಾ ಹೋದ ಟೈರು ಗೊತ್ತಾದೀತು, ಕಾಲು ಭಾಗ ಇಳಿದದ್ದು ಗೊತ್ತಾಗುವುದಿಲ್ಲ.

ಆದ್ದರಿಂದ ಒಂದು ಕೆಲಸ ಮಾಡು. ಮುಂದಿನ ಸಲ ಮಾಲು ಹೇರಿದಾಗ ಕಾಟಾದ (ವಾಹನ ತೂಗುವ ತಕ್ಕಡಿ) ಮೇಲೆ ಟ್ರ್ಯಾಕ್ಟರನ್ನು ಮುಂದಕ್ಕೆ ದಾಟಿಸಿ, ಟ್ರೇಲರ್ ಮಾತ್ರ ನಿಲ್ಲುವಂತೆ ಮಾಡಿ ತೂಕ ಬರೆಸಿಕೋ. ಆಮೇಲೆ ಸ್ವಲ್ಪ ಮುಂದೆ ಎಳೆದು ಹಿಂದಿನ ಅಚ್ಚು ಮಾತ್ರ ಕಾಟಾದ ಮೇಲಿರುವಂತೆ ಇನ್ನೊಮ್ಮೆ ತೂಗಿಸು. ಖಾಲಿ ಬರುವಾಗ ಮತ್ತೊಂದು ತೂಕ. ನಾಲ್ಕು ಗಾಲಿಯ ಟ್ರೇಲರಿನಲ್ಲಿ ಮೂಕಿಯ (ಟ್ರ್ಯಾಕ್ಟರಿಗೆ ಜೋಡಿಸುವ ಮುಂದಿನ ದಂಡ) ಮೂಲಕ ಟ್ರ್ಯಾಕ್ಟರಿನ ಮೇಲೆ ಭಾರ ಬೀಳುವುದಿಲ್ಲವಾದ್ದರಿಂದ ಈ ಲೆಕ್ಕ ಸರಿ ಬರುತ್ತದೆ. ಎರಡು ಗಾಲಿಯದಾಗಿದ್ದರೆ ಬೇರೆ ರೀತಿ ನೋಡಬೇಕಾಗುತ್ತಿತ್ತು.

ಒಕ್ಕಲುತನ_ಶಿಗ್ಗಾಂವಿ

ಗುರುಗಳೇ, ಮಿಸ್ತ್ರಿಯವರೇ, ರೋಣದ ಅಣ್ಣನವರೇ, ಮೂವರಿಗೂ ನಮಸ್ಕಾರ. ಮನೆಯಲ್ಲಿ ಉಳಿದಿದ್ದ ಹಳೆಯ ಗೋವಿನಜೋಳವನ್ನು ನಿನ್ನೆ ಮಾರಾಟಕ್ಕೆ ಒಯ್ದೆವು, ಗುರುಗಳು ಹೇಳಿದಂತೆಯೇ ತೂಕ ಮಾಡಿಸಿದೆ. ಮುಂದಿನ ಎರಡೂ ಟೈರುಗಳ ಹವಾ ತುಂಬಿಸಿಕೊಂಡು, ಹಿಂದೆ ಬಾಡಿಗೆಗೆ ತಂದ ಗಾಲಿಗಳನ್ನು ಹಾಕಿಕೊಂಡು, ನಸುಕಿನಲ್ಲಿಯೇ ನಿಧಾನವಾಗಿ ಹೋದೆವು. ಕಾಟಾದವರು ಮೂರು ಸಲ ಏಕೆ ಎಂದು ಕೇಳಿದರೂ ಬರೆದುಕೊಟ್ಟರು.

ಮಾಲು ಸಮೇತ ಟ್ರೇಲರ್ 8,400 ಕೆಜಿ. ಹಿಂದಿನ ಅಚ್ಚು ಮಾತ್ರ 4,640. ಖಾಲಿ ಟ್ರೇಲರ್ 2,020. ಖಾಲಿ ಟ್ರೇಲರೇ ಇಪ್ಪತ್ತು ಕ್ವಿಂಟಲ್ ತೂಗುತ್ತದೆ ಎಂಬುದು ನನಗೆ ಇಷ್ಟು ದಿನ ಗೊತ್ತಿರಲಿಲ್ಲ, ಮಾಲಿನ ತೂಕವನ್ನೇ ಟೈರಿನ ಭಾರವೆಂದು ತಿಳಿದಿದ್ದೆ. ಮನೆಗೆ ಬಂದ ಮೇಲೆ ಮುಂದಿನ ಟೈರುಗಳ ಬದಿಯನ್ನು ಒರೆಸಿ ತಾರೀಖು ಹುಡುಕಿದೆ. ಎರಡರ ಮೇಲೂ 1917 ಎಂದಿದೆ, ಪಕ್ಕದಲ್ಲಿ ಸಣ್ಣ ಬಿರುಕುಗಳಿವೆ. ಒಡೆದ ರಿಸೋಲ್ ಟೈರುಗಳಲ್ಲಿ ಆ ನಾಲ್ಕು ಅಂಕಿಗಳಿದ್ದ ಜಾಗವನ್ನೇ ಉಜ್ಜಿ ನುಣ್ಣಗೆ ಮಾಡಲಾಗಿದೆ. ಕೊಳ್ಳುವಾಗ ಅತ್ತ ನೋಡಬೇಕೆಂಬ ತಿಳಿವಳಿಕೆಯೇ ಇರಲಿಲ್ಲ.

ಅಂಗಡಿಯಲ್ಲಿ ನೋಡಿದ 9.00-16ರ ಒಂದು ಹೊಸ ಟೈರಿನ ಬದಿಯಲ್ಲಿ 135 ಎ8 ಎಂದಿತ್ತು. ಅದು ಸಾಲುತ್ತದೆಯೆ?

ನಿವೃತ್ತ_ಉಪನ್ಯಾಸಕ_ಧಾರವಾಡ

ಈಗ ಹೇರುತ್ತಿರುವ ರೀತಿಯಲ್ಲಿಯೇ ಹೇರಿದರೆ ಸಾಲುವುದಿಲ್ಲ. ಹಿಂದಿನ ಅಚ್ಚಿನ 4,640 ಕೆಜಿಯನ್ನು ಎರಡು ಗಾಲಿಗೆ ಹಂಚಿದರೆ ಒಂದಕ್ಕೆ 2,320 ಆಗುತ್ತದೆ. 135ರ ಟೈರಿನ ಮಿತಿ 2,180. ಅದೂ ಸಮನಾದ ನೆಲದ ಮೇಲೆ. ರಸ್ತೆಯ ಅಂಚಿಗೆ ಇಳಿದಾಗ, ಒಂದು ಗಾಲಿ ಕೊರಕಲಿಗೆ ಬಿದ್ದಾಗ, ತಗ್ಗಿನ ಕಡೆಯ ಗಾಲಿಗೆ ಇನ್ನೂ ಹೆಚ್ಚು ಬೀಳುತ್ತದೆ. ಮುಂದಿನ ಅಚ್ಚಿಗೆ ಉಳಿದದ್ದು 3,760, ಅಂದರೆ ಗಾಲಿಗೆ 1,880 ಮಾತ್ರ. ಹಿಂದಿನ ಬಾಗಿಲಿನ ಕಡೆ ರಾಶಿ ಹೆಚ್ಚಾಗಿ ಬೀಳುತ್ತಿದೆ ಎಂದು ಇದರಿಂದ ತಿಳಿಯುತ್ತದೆ. ನಿಮ್ಮ ಎರಡೂ ಟೈರುಗಳು ಹಿಂದೆಯೇ ಒಡೆದದ್ದು ಆಕಸ್ಮಿಕವಲ್ಲ.

ಮಾಲನ್ನು 55 ಕ್ವಿಂಟಲಿಗೆ ನಿಲ್ಲಿಸಿ, ಮುಂದಿನ ಕಡೆಗೆ ಸಮವಾಗಿ ಎಳೆದುಕೊಂಡರೆ ಒಟ್ಟು 7,520 ಕೆಜಿ, ಗಾಲಿಗೆ 1,880. ಆಗ ಇದೇ 135ರ ಟೈರು 300 ಕೆಜಿಯ ಅವಕಾಶವನ್ನಿಟ್ಟುಕೊಂಡು ಹೊರುತ್ತದೆ. ತಗಡಿನ ಒಳಮೈಯಲ್ಲಿ ಸುತ್ತಲೂ ಮೂರೂವರೆ ಅಡಿಯ ಎತ್ತರಕ್ಕೆ ಒಂದು ಬಣ್ಣದ ಗೆರೆ ಎಳೆಸಿಬಿಡು, ತುಂಬುವವರಿಗೆ ಬಾಯಿಯಿಂದ ಹೇಳುವುದು ಬೇಡ. 64 ಕ್ವಿಂಟಲೇ ಹೇರಬೇಕೆಂದರೆ 140ರ ಟೈರನ್ನು ಹುಡುಕಬೇಕು, ಜೊತೆಗೆ ಅಚ್ಚು, ಬೇರಿಂಗುಗಳನ್ನೂ ತೋರಿಸಬೇಕು. ನನ್ನ ಅಭಿಪ್ರಾಯ ಕೇಳಿದರೆ, ಪ್ರತಿ ಟ್ರಿಪ್ಪಿಗೆ ಒಂಬತ್ತು ಕ್ವಿಂಟಲ್ ಕಡಿಮೆ ಒಯ್ದು ಸುಗ್ಗಿಯಲ್ಲಿ ಒಂದು ಟ್ರಿಪ್ ಹೆಚ್ಚು ಹೋಗುವುದು ಮೇಲು. ಡೀಸೆಲ್ ಖರ್ಚು ಒಂದು ಟೈರಿನ ಬೆಲೆಯಷ್ಟಾಗುವುದಿಲ್ಲ. ನೀನು ಬರೆದ ಆ ಹೆದ್ದಾರಿಯ ಸಂಜೆಯನ್ನು ಓದಿದ ಮೇಲೆ ಬೇರೆ ಸಲಹೆ ಕೊಡಲು ನನಗೆ ಮನಸ್ಸಾಗುವುದಿಲ್ಲ.

ಟೈರ್‌ಮಿಸ್ತ್ರಿ_ರಾಣೆಬೆನ್ನೂರು

2017ರ ಟೈರು ಬಿರುಕು ಬಿಟ್ಟಿದೆ ಎಂದ ಮೇಲೆ ನಾಲ್ಕನ್ನೂ ಬದಲಿಸಿರಿ ಎಂದೇ ಹೇಳಬೇಕಾಗುತ್ತದೆ. ಒಂದೇ ಸಲಕ್ಕೆ ಕೈಯಲ್ಲಿ ಹಣವಿಲ್ಲದಿದ್ದರೆ ಈಗ ಹೊಸ ಜೋಡಿಯನ್ನು ಹಿಂದಿನ ಅಚ್ಚಿಗೆ ಹಾಕಿಸಿ, ಮುಂದಿನವನ್ನು ಹಿಂಗಾರಿ ಮಾಲು ಬರುವುದರೊಳಗೆ ಮುಗಿಸಿರಿ. ಬಿಚ್ಚಿದ 2017ರ ಎರಡರಲ್ಲಿ ಬಿರುಕು ಕಡಿಮೆಯಿರುವುದನ್ನು ಸ್ಟೆಪ್ನಿಗೆ ಇಟ್ಟುಕೊಳ್ಳಬಹುದು, ಹತ್ತಿರದ ಅಂಗಡಿಯವರೆಗೆ ಖಾಲಿ ಟ್ರೇಲರ್ ಎಳೆಯಲು ಅಷ್ಟು ಸಾಕು. ಹೊಸ ಟೈರಿಗೆ ಹಳೆಯ ಟ್ಯೂಬ್, ಹಳೆಯ ಫ್ಲ್ಯಾಪ್ (ಟ್ಯೂಬು ಡಿಸ್ಕಿಗೆ ಉಜ್ಜದಂತೆ ನಡುವೆ ಹಾಕುವ ರಬ್ಬರ್ ಪಟ್ಟಿ) ತುರುಕಿಸಬೇಡಿರಿ. ಹಳೆಯ ಟ್ಯೂಬ್ ಹಿಗ್ಗಿರುತ್ತದೆ, ಹೊಸ ಟೈರಿನೊಳಗೆ ಮಡಿಕೆ ಬಿದ್ದು ಆ ಮಡಿಕೆಯಲ್ಲಿಯೇ ಸೀಳುತ್ತದೆ.

ಹಾಕಿಸುವಾಗ ಪಕ್ಕದಲ್ಲಿ ನಿಂತು ಡಿಸ್ಕನ್ನು ನೋಡಿರಿ. ಒಡೆದ ಟೈರಿನ ಮೇಲೆ ಸ್ವಲ್ಪ ದೂರ ಉರುಳಿದ ಡಿಸ್ಕಿನ ಅಂಚು ಒಂದೆಡೆ ಚಪ್ಪಟೆಯಾಗಿರುತ್ತದೆ. ನಟ್ಟಿನ ತೂತುಗಳ ಸುತ್ತ ತುಕ್ಕಿನ ಕೆಂಪು ಗೆರೆ ಹೊರಟಿದ್ದರೆ ಅಲ್ಲಿ ಬಿರುಕಿದೆ ಎಂದೇ ತಿಳಿಯಿರಿ. ಅಂತಹ ಡಿಸ್ಕಿಗೆ ವೆಲ್ಡಿಂಗ್ ಮಾಡಿಸಬೇಡಿರಿ, ಬದಲಿಸಿರಿ. ಲಾಕ್ ರಿಂಗ್ (ಟೈರನ್ನು ಡಿಸ್ಕಿನ ಮೇಲೆ ಹಿಡಿದಿಡುವ, ಬಿಚ್ಚಬಹುದಾದ ಉಕ್ಕಿನ ಬಳೆ) ಇರುವ ಡಿಸ್ಕಾದರೆ ಹವಾ ತುಂಬುವಾಗ ಯಾರೂ ಎದುರಿಗೆ ನಿಲ್ಲಬಾರದು, ಮಕ್ಕಳನ್ನಂತೂ ಅಂಗಡಿಯ ಹೊರಗೆ ಕಳುಹಿಸಿರಿ. ಸರಿಯಾಗಿ ಕೂರದ ರಿಂಗು ಸಿಡಿದರೆ ಆಳಿನ ಜೀವವನ್ನೇ ತೆಗೆಯುತ್ತದೆ. ನಾನು ಗಾಲಿಯನ್ನು ನೆಲಕ್ಕೆ ಅಂಗಾತ ಹಾಕಿ, ರಿಂಗ್ ಕೆಳಮುಖವಾಗಿರುವಂತೆ ಮಾಡಿ, ಸರಪಳಿ ಸುತ್ತಿ, ದೂರದಿಂದ ಹವಾ ಬಿಡುತ್ತೇನೆ. ನಿಮ್ಮ ಅಂಗಡಿಯವರು ಹಾಗೆ ಮಾಡದಿದ್ದರೆ ಮಾಡಿಸಿರಿ.

ಟೈರಿಗೆ ಹೋಗುವ ಮುನ್ನ ಜಾಕ್ ಕೊಟ್ಟು ಗಾಲಿಯನ್ನು ಕೈಯಿಂದ ತಿರುಗಿಸಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡಿರಿ. ಕಟಕಟ ಎಂದರೆ ಬೇರಿಂಗ್ ಸವೆದಿದೆ, ಗ್ರೀಸ್ ಒಣಗಿದೆ. ಬಿಸಿಯಾದ ಹಬ್‌ನ (ಬೇರಿಂಗ್ ಕೂರುವ ಗಾಲಿಯ ನಡುಭಾಗ) ಕಾವು ಡಿಸ್ಕಿನ ಮೂಲಕ ಟೈರಿಗೇ ಬರುತ್ತದೆ. ನಟ್ಟುಗಳನ್ನು ಎದುರುಬದುರಾಗಿ ಬಿಗಿಸಬೇಕು, ವರಸೆಯಾಗಿ ಸುತ್ತಬಾರದು. ಹಾವೇರಿಗೆ ಮೊದಲ ಟ್ರಿಪ್ ಹೋದಾಗ, ಮಾಲು ಇಳಿಸಿದ ಹೊತ್ತಿನಲ್ಲಿ, ನಾಲ್ಕೂ ಗಾಲಿಗಳ ನಟ್ಟುಗಳನ್ನು ಇನ್ನೊಮ್ಮೆ ಬಿಗಿಸಿರಿ. ಹೊಸದಾಗಿ ಕೂರಿಸಿದ ಡಿಸ್ಕು ಭಾರಕ್ಕೆ ಒಂದಿಷ್ಟು ಒಳಗೆ ಕೂರುತ್ತದೆ, ಆಗ ನಟ್ಟು ಸಡಿಲವಾಗಿರುತ್ತದೆ.